ಉತ್ತರದ ಗಾಜಿಗೆ ಸುಣ್ಣ ಬಳಿದವಳ ಕೋರಿಕೆ

ದಾವಣಗೆರೆ, ಫೆಬ್ರವರಿ ಮೂವತ್ತು, ೨೧೪೧

ಹಳೇ ಹತ್ತಿ ಗಿರಣಿಯ ಜಾಗವನ್ನು ಏನು ಮಾಡುವುದೆಂದು ಕೂತು ಯೋಚಿಸುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಾವು ತಿಂಗಳುಗಳನ್ನು ಸರಿಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಪದಗಳೂ ವಿಚಿತ್ರ ಅನಿಸಬಹುದು, ಬೇಸರ ಮಾಡಿಕೊಳ್ಳಬೇಡಿ. ಕೈಯಲ್ಲಿ ಹೊಲಿಗೆ ಇದೆ, ಹಾಗಾಗಿ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ನಾನು ಹುಲಿಗೆವ್ವ, ಕೊಪ್ಪಳದ ಕಡೆಯವಳು, ವಯಸ್ಸು ಇಪ್ಪತ್ತೆರಡು. ನಾಲ್ಕು ವರ್ಷದಲ್ಲಿ ಆರು ಊರು ಬದಲಿಸಿದ್ದೇನೆ. ಎಲ್ಲಿಯೂ ನೆಲೆ ನಿಲ್ಲದ್ದರಿಂದ ನನ್ನ ಬಳಿ ಗುರುತಿನ ಒಂದು ಕಾಗದವೂ ಇಲ್ಲ.

ನೀವು ನೋಡುತ್ತಿರುವ ಆ ಪಾಳುಗಿರಣಿಯನ್ನು ನಾವು ಕೂಡುಗಿರಣಿ ಅನ್ನುತ್ತೇವೆ. ಗೋಡೆ, ಸೂರು, ನೀರು ಊರಿನದು, ಕೆಲಸ ನಮ್ಮದು. ಮೋಟಾರಿಗೆ ತಂತಿ ಸುತ್ತುವವರು, ರೊಟ್ಟಿ ಬಡಿಯುವವರು, ಬೀದಿಗೆ ಕಟ್ಟುವ ನೆರಳುಬಟ್ಟೆ ಹೊಲಿಯುವ ನನ್ನಂಥವರು, ಎಲ್ಲರೂ ಒಂದೇ ಸೂರಿನಡಿ. ಹೊಸದಾಗಿ ಬಂದವರು ನಲವತ್ತು ದಿನ ಯಾವ ಕಾಗದವೂ ಇಲ್ಲದೆ ಇಲ್ಲಿ ಕೂತು ದುಡಿಯಬಹುದು. ನಲವತ್ತನೇ ದಿನ ಪಕ್ಕದ ಜಾಗದವರು ಎಲ್ಲರೆದುರು ‘ಇವರು ನಮ್ಮವರು’ ಅಂದರೆ ಜಾಗ ಖಾಯಂ. ಇದಕ್ಕೆ ಪಕ್ಕದಮಾತು ಅಂತ ಹೆಸರು. ಅನ್ನದಿದ್ದರೆ ಗಂಟು ಕಟ್ಟಬೇಕು.

ಮೂವತ್ತೆಂಟನೇ ದಿನ ನಾನೊಂದು ದಡ್ಡತನ ಮಾಡಿದೆ. ಈ ಗಿರಣಿಯ ಸೂರು ಗರಗಸದ ಹಲ್ಲಿನಂತಿದೆ, ಹಲ್ಲುಹಲ್ಲಿಗೂ ಗಾಜು. ನಮ್ಮ ಕಡೆ ಗಾಜು ಕಂಡರೆ ಮುಚ್ಚುವುದೇ ರೂಢಿ, ಬಿಸಿಲು ಅಂಥದ್ದು. ಎಲ್ಲರಿಗೂ ತಂಪಾಗಲಿ ಎಂದು ಬೆಳಗಾಗುತ್ತಲೇ ಏಣಿ ಹತ್ತಿ ಅಷ್ಟಕ್ಕೂ ಸುಣ್ಣ ಬಳಿದೆ. ಇಳಿದು ಬಂದರೆ ಒಳಗೆಲ್ಲ ಮಬ್ಬು. ಆ ಗಾಜುಗಳೆಲ್ಲ ಉತ್ತರಕ್ಕಿದ್ದವು; ಅವುಗಳಿಂದ ಬರುತ್ತಿದ್ದುದು ಬೆಳಕು ಮಾತ್ರ, ಬಿಸಿಲಲ್ಲ.

ನನ್ನ ಪಕ್ಕದ ಜಾಗ ಚಮನ್‌ಬೀ ಅವರದು. ಕೂದಲಿನಷ್ಟು ಸಣ್ಣ ತಂತಿ ಸುತ್ತುವ ಅಜ್ಜಿಗೆ ಅಂದು ಕೆಲಸವೇ ನಿಂತಿತು.

“ಏನವ್ವಾ, ನಿಮ್ಮೂರಾಗೆ ಸೂರ್ಯ ಬಡಗಣ ದಿಕ್ಕಿಗೆ ಹುಟ್ತಾನಾ?”

ಸುತ್ತಲಿದ್ದವರೆಲ್ಲ ನಕ್ಕರು. ಎರಡು ದಿನ ಉಜ್ಜಿ ಉಜ್ಜಿ ತೊಳೆದೆ. ನಲವತ್ತನೇ ದಿನ ಊರಿನ ಪರವಾಗಿ ಪಕ್ಕದಮಾತು ಬರೆದುಕೊಳ್ಳುವ ಬಸಣ್ಣ ಬಂದು, “ಈಯಮ್ಮಂಗೆ ಯಾರ ಮಾತು?” ಅಂದರು. ನಾನಾಗಲೇ ಬಟ್ಟೆಬರೆ ಕಟ್ಟಿಟ್ಟಿದ್ದೆ.

ಚಮನ್‌ಬೀ ತಂತಿಯಿಂದ ಕಣ್ಣು ಎತ್ತಲಿಲ್ಲ. “ನಂದು. ಬುದ್ಧಿ ಕಮ್ಮಿ, ಮೈಗಳ್ಳಿ ಅಲ್ಲ. ನಮ್ಮೋಳೇ ಅಂತ ಬರ್ಕಳಪ್ಪ, ಮುಂದಕ್ಕೆ ನಡಿ.”

ಆಮೇಲೆ ಬಸಣ್ಣ ನನಗೆ ಗಿರಣಿಯ ಮೂಲ ಕರಾರುಪತ್ರ ತೋರಿಸಿದರು, ನಿಮ್ಮ ಕಾಲದ್ದು. ಕಾವಲು, ಗೇಟು, ವಾಹನ ನಿಲುಗಡೆ, ಎಲ್ಲವೂ ಅಚ್ಚಾಗಿದೆ. ನಲವತ್ತು ದಿನದ ಮಾತು ಮಾತ್ರ ಅಚ್ಚಿನಲ್ಲಿಲ್ಲ. ಯಾರೋ ಅಂಚಿನಲ್ಲಿ ನೀಲಿ ಪೆನ್ನಿನಿಂದ ಬರೆದು ಸೇರಿಸಿದ್ದಾರೆ, ಅವಸರದ ಅಕ್ಷರ, ಹೆಸರಿಲ್ಲ.

ಅದನ್ನು ಬರೆದವರು ನಿಮ್ಮಲ್ಲೇ ಒಬ್ಬರು. ಬಹುಶಃ ಇನ್ನೂ ಬರೆದಿಲ್ಲ. ಸಭೆ ಮುಗಿಯುವ ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಆತುರ ಇರುತ್ತದೆ, ಗೊತ್ತು. ದಯವಿಟ್ಟು ಏಳುವ ಮುಂಚೆ ಆ ಒಂದು ಸಾಲು ಬರೆದುಬಿಡಿ.