ಮೂರನೆಯ ದಾರಿಯ ಕಲ್ಲು

ನನ್ನ ಬಾನು,

ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ಹೊರಟೆ. ಎರಡೂ ಸಲ ನಾನು ಬಾಯಿ ತೆರೆಯುವ ಮೊದಲೇ ನೀನು ನಕ್ಕುಬಿಟ್ಟೆ, ನಾನು ಬೇರೇನೋ ಮಾತಾಡಿ ಫೋನಿಟ್ಟೆ. ಕಾಗದ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಪುಸ್ತಿಕೆಯ ಕರಡು ಬಂದು ಹದಿನೈದು ದಿನವಾಯಿತು. ಜೇವರ್ಗಿಯ ಕಾಲೇಜಿನಿಂದ ಬಂದು, ಚಹಾ ಪಕ್ಕಕ್ಕಿಟ್ಟುಕೊಂಡು ದಿನಾ ಅದನ್ನು ತೆರೆಯುತ್ತೇನೆ. ಹಿಮಾಚಲದ ಆ ಹೊಳೆಯ ಕಣಿವೆಯಲ್ಲಿ ನಾವಿಬ್ಬರು ನಡೆದ ದಾರಿಗಳನ್ನು ಎಷ್ಟು ಚೆಂದ ಬರೆದಿದ್ದೀ. ದೇವದಾರು ಕಾಡಿನ ದಾರಿಯಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಎರಡನೆಯ ದಾರಿಯ ಯಾವ ತಿರುವಿನಲ್ಲಿ ಮಣ್ಣು ಜಾರುತ್ತದೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಕೂರಲು ಯಾವ ಬಂಡೆಯ ಹಿಂದೆ ಗಾಳಿ ಹೊಡೆಯುವುದಿಲ್ಲ, ಎಲ್ಲವೂ ಇದೆ. ಮನೆಯಿಂದ ಹೊರಗೆ ಹೆಜ್ಜೆಯಿಡಲಾಗದ ಒಂಬತ್ತು ತಿಂಗಳಲ್ಲಿ ಮಂಚದ ಮೇಲೆ ಕೂತು ಆ ಕಣಿವೆಯನ್ನು ನೀನು ಮತ್ತೆ ನಡೆದಿದ್ದೀ. ಕರಡಿನ ಮೇಲೊಂದು ಚೀಟಿ ಬೇರೆ: "ಪಮ್ಮಿ, ಹುಡುಗರ ಪೇಪರಿಗೆ ಹೊಡದಂಗ ಕೆಂಪು ಪೆನ್ನಿಲೆ ಹೊಡಿ ಬೇ, ದಯಾ ತೋರಸಬ್ಯಾಡ."

ಒತ್ತಕ್ಷರ ತಿದ್ದಿದೆ, ಅಲ್ಪವಿರಾಮ ತಿದ್ದಿದೆ. ಮೂರನೆಯ ದಾರಿಗೆ ಬಂದಾಗ ಪೆನ್ನು ನಿಂತಿತು.

ಅಲ್ಲಿ ನೀನು ಬರೆದಿದ್ದೀ: "ಹೊಳೆಗೆ ಇಳಿಯುವ ಮುಂಚೆ ನೀರಂಚಿನಲ್ಲಿ ಒಂದು ಕಲ್ಲಿಟ್ಟು ಅರ್ಧ ತಾಸು ಕಾಯಿರಿ. ಕಲ್ಲು ಒಣಗಿದ್ದರೆ ಮಧ್ಯಾಹ್ನವೂ ದಾಟಬಹುದು. ಇದು ಭೀಮಾ ದಂಡೆಯವರ ಪರೀಕ್ಷೆ, ನಂಬಬಹುದು. ನಾವು ದಾಟಿದ ದಿನವೂ ಕಲ್ಲು ಒಣಗಿಯೇ ಇತ್ತು. ನಾನು ಬಿದ್ದದ್ದು ನನ್ನ ನಿಧಾನದ ಕಾಲಿನಿಂದ."

ಬರುವ ಜೂನಿನಲ್ಲಿ ನಮ್ಮ ನಡಿಗೆ ಗುಂಪಿನ ಒಂಬತ್ತು ಹೆಂಗಸರು ಈ ಪುಸ್ತಿಕೆ ಹಿಡಿದುಕೊಂಡು ಅದೇ ಹೊಳೆಯ ಮುಂದೆ ನಿಲ್ಲುತ್ತಾರೆ.

ಆ ದಿನವನ್ನು ಮೊದಲಿನಿಂದ ಹೇಳುತ್ತೇನೆ, ಸಹಿಸಿಕೋ. ಮೂರನೆಯ ದಾರಿಯಲ್ಲಿ ನಾವು ಹೊಳೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ಮೇಲಿನ ಹುಲ್ಲುಗಾವಲಿಗೆ ಎರಡು ದಾರಿಗಳಿದ್ದವು. ಒಂದು, ಕೆಳಗಿನ ಮರದ ಸೇತುವೆಗೆ ಹಿಂದಿರುಗಿ ಸುತ್ತಿಕೊಂಡು ಹೋಗುವುದು. ಅದಕ್ಕೆ ಎರಡೂವರೆ ತಾಸು ಹೆಚ್ಚು. ಇನ್ನೊಂದು, ಅಲ್ಲೇ ಹೊಳೆಯಲ್ಲಿಳಿದು ದಾಟುವುದು. ಕುರಿ ಕಾಯುವ ಮುದುಕ ಕೈ ಅಡ್ಡ ಆಡಿಸಿ ಏನೋ ಹೇಳಿದ. ನನಗೆ ಅವನ ಮಾತು ಅರ್ಧವೂ ತಿಳಿಯಲಿಲ್ಲ, ನಿನಗೆ ತಿಳಿಯಿತು. "ಮುಂಜಾನಿ ದಾಟಬೇಕಂತ ಪಮ್ಮಿ. ಬಿಸಿಲಿಗಿ ಬರ್ಫ ಕರಗಿ ಮಧ್ಯಾಹ್ನ ನೀರು ಏರ್ತದಂತ."

ನಾನು ನಕ್ಕೆ. "ಮೋಡಿಲ್ಲ, ಮಳಿಯಿಲ್ಲ. ಬಿಸಿಲಿಗಿ ಹೊಳಿ ಏರೋದು ಎಲ್ಲಿ ನೋಡೀದಿ?"

ಅಫಜಲಪುರದ ಕಡೆ ಬೆಳೆದವಳಿಗೆ ಬಿಸಿಲೆಂದರೆ ಹೊಳೆಯನ್ನು ಕುಡಿಯುವಂಥದ್ದು. ಏಪ್ರಿಲ್ ಬಂತೆಂದರೆ ನಮ್ಮ ಭೀಮೆಯಲ್ಲಿ ಮರಳು ಏಳುತ್ತದೆ. ಬಿಸಿಲೇ ಹೊಳೆಯನ್ನು ತುಂಬಿಸುವ ನಾಡೊಂದು ಇರಬಹುದೆಂದು ನನಗೆ ಹೊಳೆಯಲಿಲ್ಲ. ನೀನು ವಾದ ಮಾಡಲಿಲ್ಲ. "ನಾ ಆಳಂದಾಕಿ. ನಮ್ಮ ಹಳ್ಳದಾಗ ಹುಡುಗರು ಕ್ರಿಕೆಟ್ ಆಡ್ತಾರ. ನೀ ಹೊಳಿ ದಂಡ್ಯಾಕಿ, ನೀ ಅಂದ್ರ ಸೈ" ಎಂದೆ.

ಆದರೂ ಮನಸ್ಸಿನ ಮೂಲೆಯಲ್ಲಿ ಅಳುಕಿತ್ತು. ನನ್ನ ಅಜ್ಜಿ ಗುರುಬಾಯಿ ಆಚೆ ದಂಡೆಯ ಹೊಲಕ್ಕೆ ಹೋಗುವಾಗ ಮಾಡುತ್ತಿದ್ದಂತೆ ನೀರಂಚಿನಲ್ಲಿ ಒಂದು ಕಲ್ಲಿಟ್ಟೆ. ಮುಷ್ಟಿ ಗಾತ್ರದ್ದು, ನಡುವೆ ಬಿಳಿ ಗೆರೆಯಿತ್ತು. "ಕಲ್ಲು ಮುಟ್ಟಿದ ನೀರಿಗಿ ಕಾಲು ಕೊಡಬಾರದು" ಎನ್ನುತ್ತಿದ್ದಳು ಅಜ್ಜಿ. ಕಲ್ಲು ತೊಯ್ದರೆ ತಲೆಯ ಮೇಲಿನ ಬುತ್ತಿ ಇಳಿಸಿ ದಂಡೆಯಲ್ಲೇ ಕೂತುಬಿಡುತ್ತಿದ್ದಳು. ನಾವಿಬ್ಬರೂ ಬುತ್ತಿ ಬಿಚ್ಚಿ ಉಂಡೆವು. ನೀನು ಬಂಡೆಯ ಮೇಲೆ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದೆ. ನಾನು ಕಲ್ಲು ನೋಡಿ ಬರಲು ಹೋದೆ.

ಬಾನು, ಕಲ್ಲು ಮುಳುಗಿತ್ತು.

ತೊಯ್ದದ್ದಲ್ಲ, ಮುಳುಗಿತ್ತು. ಬಿಳಿ ಗೆರೆ ಗೇಣು ನೀರಿನ ಕೆಳಗೆ ಅಲುಗಾಡುತ್ತಿತ್ತು. ನಾನು ಬಗ್ಗಿ ನೋಡಿದೆ, ಚೆನ್ನಾಗಿಯೇ ನೋಡಿದೆ. ಹಿಂದಿನಿಂದ ನೀನು ಕೂಗಿದೆ, "ಕಲ್ಲು ಹ್ಯಾಂಗದ?" ನಾನು ತಿರುಗದೆಯೇ ಹೇಳಿದೆ, "ನಮ್ಮ ರೊಟ್ಟಿ ಹಂಗ ಒಣಗಿ ಖಡಕ್ ಆಗ್ಯದ, ಬಾ."

ಸುಳ್ಳು ಹೇಳುವಾಗಲೂ ನಿನ್ನನ್ನು ನಗಿಸಿದ್ದೆ. ಒಂಬತ್ತು ತಿಂಗಳಿಂದ ಆ ನಗು ನನ್ನನ್ನು ಬಿಟ್ಟಿಲ್ಲ.

ಯಾಕೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡಾಗಲೆಲ್ಲ ಒಂದೊಂದು ದೊಡ್ಡ ಕಾರಣ ಹುಡುಕುತ್ತಿದ್ದೆ. ದೊಡ್ಡ ಕಾರಣ ಇರಲಿಲ್ಲ. ಮೂರು ದಿನದಿಂದ ಪ್ರತಿ ತಿರುವಿನಲ್ಲೂ ನಿನಗಾಗಿ ಕಾದು ನಿಂತು ಬೇಸತ್ತಿದ್ದೆ. ಸೇತುವೆಗೆ ಹಿಂದಿರುಗಿದರೆ ಕತ್ತಲಾಗಿ ಹುಲ್ಲುಗಾವಲು ತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅರ್ಧ ತಾಸಿನ ಹಿಂದೆ ನಿನ್ನ ಮಾತಿಗೆ ನಕ್ಕವಳು ಈಗ ಬಂದು "ಮುದುಕ ಹೇಳಿದ್ದೇ ಖರೆ" ಎನ್ನಬೇಕಾಗಿತ್ತು. ಇಷ್ಟೇ. ಇಷ್ಟಕ್ಕೆ ನಿನ್ನ ಕಾಲು ಮುರಿಯಿತು.

ನಾನು ಮೊದಲು ದಾಟಿದೆ. ನೀನು ನಡುಹೊಳೆಯಲ್ಲಿ ನಿಂತು ನನ್ನ ಕಡೆ ಕೈ ಚಾಚಿದ್ದು, ನಾನು ಇನ್ನೂ ಎರಡು ಹೆಜ್ಜೆ ಇಳಿದು ಬರಲು ಹೆದರಿದ್ದು, ನಿನ್ನ ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿದ್ದು, ಆ ಮುದುಕನೇ ಓಡಿ ಬಂದು ನಿನ್ನನ್ನು ಎಳೆದದ್ದು. ಇವೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಆ ಕಲ್ಲೊಂದೇ.

ಆಸ್ಪತ್ರೆಗೆ ನಿನ್ನಣ್ಣ ಶರಫುದ್ದೀನ ಬಂದಾಗ ನಾನು ಹೇಳಬಹುದಿತ್ತು. ಅವರು ನಿನಗೇ ಬೈದರು, "ಈ ವಯಸ್ಸಿನ್ಯಾಗ ಗುಡ್ಡ ಹತ್ತೋ ಹುಚ್ಚು ನಿಂದೇ" ಎಂದು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದರು. "ನೀವು ಜೋಡಿಗಿದ್ರಿ ಅಂತ ನಮ್ಮ ತಂಗಿ ಉಳದಾಳ್ರಿ, ಬಾಯಾರ." ನೀನು ಅರೆಪ್ರಜ್ಞೆಯಲ್ಲೂ ತಲೆಯಾಡಿಸಿದೆ. ಆ ಕೈಗಳನ್ನು ನಾನು ತಡೆಯಲಿಲ್ಲ. ಆಮೇಲೆ ಆಳಂದಕ್ಕೆ ಬಂದಾಗಲೆಲ್ಲ ಅವರು ನನಗಾಗಿ ಖುರ್ಚಿ ಒರೆಸಿ ಇಡುತ್ತಾರೆ. ನಾನು ಕೂರುತ್ತೇನೆ. ಒಳಗಿನಿಂದ ನಿನ್ನ ಊರುಗೋಲಿನ ಸಪ್ಪಳ ಕೇಳುತ್ತದೆ.

ಎಂ.ಎ. ಓದುವ ದಿನಗಳಲ್ಲಿ ಕಲಬುರಗಿಯ ಹಾಸ್ಟೆಲಿನ ಮಹಡಿಯ ಮೇಲೆ ನಾನು ಕವಿತೆ ಓದುತ್ತಿದ್ದೆ, ನೀನು ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಎದ್ದ ಮೇಲೆ "ನೀ ಓದೀದಿ ಅಂದ್ರ ಛಲೋನೇ ಇರ್ತದ" ಎನ್ನುತ್ತಿದ್ದೆ. ನನ್ನ ಮಾತನ್ನು ಪರೀಕ್ಷಿಸದೆ ನಂಬುವುದು ನಿನಗೆ ಆಗಿನಿಂದಲೂ ರೂಢಿ. ಆ ರೂಢಿಯನ್ನು ನಾನು ಹೊಳೆಗಿಳಿಸಿದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀನು ಕ್ಷಮಿಸಿಬಿಡುತ್ತೀ ಎಂಬ ಧೈರ್ಯವೇ ಇಷ್ಟು ದಿನ ನನ್ನನ್ನು ಸುಮ್ಮನಿರಿಸಿತ್ತು. ಅಣ್ಣನವರಿಗೆ ನೀನು ಹೇಳುವುದು ಬೇಡ, ಆ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ. ಭಾನುವಾರ ಮುಂಜಾನೆಯ ಬಸ್ಸಿಗೆ ಆಳಂದಕ್ಕೆ ಬರುತ್ತೇನೆ. ಖುರ್ಚಿ ಇಡದಿದ್ದರೆ ನಿಂತೇ ಹೇಳಿ ಹೋಗುತ್ತೇನೆ.

ಕರಡನ್ನು ಇದರ ಜೊತೆಗಿಟ್ಟಿದ್ದೇನೆ. ಮೂರನೆಯ ದಾರಿಯ ನಿನ್ನ ಸಾಲುಗಳ ಮೇಲೆ ಕೆಂಪು ಗೀಟು ಎಳೆದಿದ್ದೇನೆ, ದಯೆ ತೋರಿಸಿಲ್ಲ. ಅವುಗಳ ಜಾಗದಲ್ಲಿ ಹೀಗೆ ಬರೆದಿದ್ದೇನೆ, ಅಚ್ಚಿಗೆ ಹೋಗುವಾಗ ಒಂದಕ್ಷರವನ್ನೂ ಬದಲಿಸಬೇಡ:

"ಬೆಳಿಗ್ಗೆ ಹತ್ತರ ನಂತರ ಈ ಹೊಳೆಗೆ ಇಳಿಯಬೇಡಿ. ಇಲ್ಲಿ ಬಿಸಿಲಿಗೇ ನೀರು ಏರುತ್ತದೆ. ಸೇತುವೆಗೆ ಹಿಂದಿರುಗಿ. ನಾವು ದಾಟಿದ ದಿನ ಗುರುತಿನ ಕಲ್ಲು ಮುಳುಗಿತ್ತು. ಅದನ್ನು ನೋಡಿದವಳು ಪ್ರಮಿಲಾ. ಒಣಗಿದೆ ಎಂದು ಹೇಳಿದವಳೂ ಅವಳೇ. ಬಾನುಬಿಯ ಹೆಜ್ಜೆಯಲ್ಲಿ ತಪ್ಪಿರಲಿಲ್ಲ."

ನಿನ್ನ ಕಾಲಿಗೆ ಬಲ ಬರಲಿ, ಬಾನು. ಇನ್ನು ಮೇಲೆ ನಿನ್ನ ಜೊತೆ ನಡೆಯುವವರು ನಿನ್ನ ಹೆಜ್ಜೆಗೆ ಕಾಯುವವರಾಗಿರಲಿ.

ಆ ದಿನ ಕಾಯದೆ ಹೋದ,
ಪಮ್ಮಿ