ಸಮುದ್ರಕ್ಕೆ ಇಳಿಯಬಾರದವನು

ರಾಣೆಬೆನ್ನೂರು
ಮಂಗಳವಾರ, ೧೦-೧೨-೨೦೨೪

ಪ್ರೀತಿಯ ಮೀನಾಕ್ಷಿ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಎದೆಯುರಿ ಕಡಿಮೆಯಾಯಿತೇ? ಕದ್ದು ಉಪ್ಪಿನಕಾಯಿ ತಿನ್ನುವುದನ್ನು ಬಿಟ್ಟಿದ್ದೀಯ ಎಂದು ನಂಬಿದ್ದೇನೆ, ನಂಬಿಕೆ ಅಷ್ಟೇ. ಈ ಕಾಲದಲ್ಲಿ ಗಂಡ ಪತ್ರ ಬರೆದನೆಂದು ನಗಬೇಡ. ಫೋನು ಮಾಡಿದರೆ ನಿನ್ನ ತವರಿನವರು ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಡುತ್ತಾರೆ, ಕುಪ್ಪೇಲೂರಿನ ಅರ್ಧ ಓಣಿ ಕೇಳುತ್ತದೆ. ಮೆಸೇಜು ಹಾಕಿದರೆ ನಿನ್ನ ತಂಗಿ ಐಶ್ವರ್ಯ ಅದನ್ನು ಮುದುಕವ್ವಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಈ ವಿಷಯ ಅಜ್ಜಿಯ ಕಿವಿಗೆ ಮಾತ್ರ ಬೀಳಬಾರದು. ಅದಕ್ಕೇ ಯೂಸುಫಸಾಬನ ತಾಯಿ ರೋಷನಬಿಯವರು ಬಳೆ ಮಾರಲು ನಿಮ್ಮೂರಿಗೆ ಹೊರಟಿರುವಾಗ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಶನಿವಾರ ನಾನು, ಯೂಸುಫ, ಅಗಡಿಯ ಮೈಲಪ್ಪ ಮೂವರೂ ಹೊನ್ನಾವರದ ಕಡೆ ಈಟಿಯಿಂದ ಮೀನು ಹೊಡೆಯಲು ಹೋಗಿದ್ದು ನಿನಗೆ ಗೊತ್ತು. ಹೊರಡುವ ಮುಂಚೆ ಅಜ್ಜಿ ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡದ್ದೂ ಗೊತ್ತು. “ನೋಡ್ರಿ ಅಳ್ಯಾರ, ಬಸುರಿ ಗಂಡ ಜೀವ ತೆಗೀಬಾರದು, ಸಮುದ್ರಕ್ಕ ಇಳೀಬಾರದು. ಕೂಸಿಗೆ ಬಡೀತೈತಿ” ಅಂದರು. ನಾನು ಒಳಗೊಳಗೇ ನಕ್ಕೆ. ಆದರೆ ಹೋದ ವರ್ಷ ನಮ್ಮ ಮೊದಲ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ಅಜ್ಜಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನಾಗಿದ್ದೇನೆ. ಗಡ್ಡ ಕೂಡ ತೆಗೆಸಿಲ್ಲ. ಈಗ ನೋಡಿದರೆ ನೀನೇ ಬಾಗಿಲು ಹಾಕಿಕೊಳ್ಳುತ್ತೀ. ನೀರಿಗಿಳಿಯುವುದಿಲ್ಲ, ದೋಣಿಯಲ್ಲಿ ಕೂತು ರೊಟ್ಟಿ ಬುತ್ತಿ ಕಾಯುತ್ತೇನೆ ಎಂದು ಮಾತು ಕೊಟ್ಟೆ.

ದಂಡೆಯಿಂದ ಒಳಗೆ ಹೋದರೆ ಅಲ್ಲೊಂದು ಇಲ್ಲೊಂದು ಸಣ್ಣ ದ್ವೀಪ, ಸುತ್ತ ಕರಿಗಲ್ಲು, ತೆರೆ ಬಡಿಯುವ ಸದ್ದು. ದೋಣಿ ನಡೆಸುತ್ತಿದ್ದವರು ಯೂಸುಫನ ಸೋದರಮಾವ. ಏನೇ ಆದರೂ ಕಲ್ಲಿನ ಹತ್ತಿರ ಹೋಗಬೇಡಿ, ದಣಿದರೆ ಸಮುದ್ರದ ಕಡೆಗೇ ಈಜಿ ಎಂದು ಅವರು ಮತ್ತೆ ಮತ್ತೆ ಹೇಳಿದರು. ಯೂಸುಫ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಬೆಳೆದವನು, ಉಸಿರು ಬಿಗಿಹಿಡಿಯುವುದು ಅವನಿಗೆ ಹುಟ್ಟಿನಿಂದ ಅಭ್ಯಾಸ. ಅವನು ಮುಳುಗಿದರೆ ಮೇಲೆ ಬರುವುದನ್ನೇ ಮರೆಯುತ್ತಾನೆ. ಮೈಲಪ್ಪ ಬಾವಿಯಲ್ಲಿ ಈಜು ಕಲಿತವನು. ರಬ್ಬರ್ ಎಳೆದು ಬಿಡುವ ಈಟಿ, ಅದರ ಹಗ್ಗ ಕೈತಪ್ಪಿ ಹೋಗಬಾರದೆಂದು ಮುಂಗೈಗೇ ಸುತ್ತಿಕೊಂಡಿದ್ದ. ಹಾಗೆ ಸುತ್ತಬೇಡ ಎಂದರೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ದೊಡ್ಡದೊಂದು ಮೀನಿಗೆ ಹೊಡೆದ. ಅದು ಈಟಿಯ ಸಮೇತ ಕಲ್ಲಿನ ಸಂದಿಗೆ ನುಗ್ಗಿ, ಹಗ್ಗ ಅಲ್ಲೇ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲಾಗದೆ ದಣಿದ ಮೈಲಪ್ಪ ಬಾವಿಯಲ್ಲಿ ದಣಿದವರು ಗೋಡೆ ಹಿಡಿಯುವಂತೆ ಸೀದಾ ಕಲ್ಲಿನ ಕಡೆಗೇ ಹೋಗಿ ತಬ್ಬಿಕೊಂಡ. ಒಂದು ತೆರೆ ಅವನನ್ನು ಎತ್ತಿ ಬಡಿಯಿತು, ಇನ್ನೊಂದು ಎಳೆಯಿತು. ಮುಖದಲ್ಲಿ ರಕ್ತ. ಯೂಸುಫ ದ್ವೀಪದ ಆಚೆ ಬದಿಗಿದ್ದ. ದೋಣಿ ಹತ್ತಿರ ತಂದರೆ ಒಡೆಯುತ್ತದೆ, ಚುಕ್ಕಾಣಿ ಬಿಟ್ಟು ಅವನ ಮಾವ ಇಳಿಯುವಂತಿಲ್ಲ. ಉಳಿದವನು ನಾನೊಬ್ಬನೇ. ಮೀನಾ, ನಾನು ತಕ್ಷಣ ಹಾರಲಿಲ್ಲ. ಚಾಕು ಕೈಯಲ್ಲಿ ಹಿಡಿದು ನಮ್ಮ ಕೂಸೋ, ಮೈಲಪ್ಪನೋ ಎಂದು ಯೋಚಿಸಿದೆ. ಅಷ್ಟು ಹೊತ್ತು ಯೋಚಿಸಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ. ಆಮೇಲೆ ಹಾರಿದೆ.

ಹತ್ತಿರ ಹೋದರೆ ಅವನು ಕಲ್ಲನ್ನು ಬಿಡಲೊಲ್ಲ. ಉಗುರು ಕಿತ್ತುಬಂದರೂ ಬಿಡಲೊಲ್ಲ. “ಇದು ಅಗಡಿ ಬಾವಿ ಅಲ್ಲಲೇ ಮೈಲ್ಯಾ, ಕಲ್ಲ ಬಿಡು, ನನ್ನ ಹಿಡಿ” ಅಂದೆ. ಬಾಯಿತುಂಬ ಉಪ್ಪುನೀರು. ಹಗ್ಗ ಕತ್ತರಿಸುವಷ್ಟರಲ್ಲಿ ತೆರೆ ನನ್ನನ್ನೂ ಕಲ್ಲಿಗೆ ಉಜ್ಜಿತು. ಅಂತೂ ಅವನು ಕೈ ಬಿಟ್ಟ, ಇಬ್ಬರೂ ಹೇಗೋ ಹೊರಗೆ ಬಂದೆವು. ಮೀನು ಈಟಿ ಹೊತ್ತುಕೊಂಡೇ ಒಳಗೆ ಉಳಿಯಿತು. ಬದುಕಿತೋ ಸತ್ತಿತೋ ಗೊತ್ತಿಲ್ಲ, ಅದೂ ಆಗಾಗ ನೆನಪಾಗುತ್ತದೆ. ಮೈಲಪ್ಪ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಅಗಡಿಯಲ್ಲಿ ಮಲಗಿದ್ದಾನೆ, ಗಾಬರಿಯಿಲ್ಲ. ನನ್ನ ಮೊಣಕಾಲಿನ ಕೆಳಗೆ ಹೊಲಿಗೆ ಹಾಕಿದ್ದಾರೆ. ಭಾನುವಾರ ಅಂಗಡಿಗೆ ಬೀಜದ ಲಾರಿ ಬರುತ್ತದೆ, ನಿಮ್ಮೂರಿಗೆ ಬರಲಾಗದು ಎಂದು ಹೇಳಿದ್ದು ಸುಳ್ಳು. ಕುಂಟುತ್ತ ಬಂದರೆ ಅಜ್ಜಿ ಅಂಗಳದಲ್ಲೇ ಹಿಡಿದು ಬಾಯಿ ಬಿಡಿಸುತ್ತಾರೆ.

ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಐಶ್ವರ್ಯಳಿಗೆ ಓದಿಕೊಳ್ಳಲು ಹೇಳು, ಈ ಪತ್ರವನ್ನಲ್ಲ. ಅಜ್ಜಿಯ ಕಾಲಿಗೆ ನನ್ನ ಪರವಾಗಿ ನೀನೇ ನಮಸ್ಕರಿಸು, ಯಾಕೆಂದು ಮಾತ್ರ ಹೇಳಬೇಡ.

ನಿನ್ನವನೇ ಆದ
ಯುವರಾಜ

ತಾ.ಕ.: ರೋಷನಬಿಯವರು ಬಸ್ಸಿಗೆ ಅವಸರ ಮಾಡುತ್ತಿದ್ದಾರೆ. ಇಷ್ಟೆಲ್ಲ ಬರೆದದ್ದು ಒಂದು ಮಾತು ಕೇಳುವುದಕ್ಕೆ. ಶನಿವಾರ ಮಧ್ಯಾಹ್ನದಿಂದ ಈಚೆಗೆ ಕೂಸು ಒದೆಯುತ್ತಿದೆಯೇ? ದಿನಾ ಫೋನಿನಲ್ಲಿ ಬಾಯಿತನಕ ಬರುತ್ತದೆ, ಕೇಳಲು ಧೈರ್ಯವಾಗುತ್ತಿಲ್ಲ. ಇಲ್ಲವೆಂದಾದರೆ ಈಗಲೇ ಫೋನು ಮಾಡು, ಇಡೀ ಓಣಿ ಕೇಳಿದರೂ ಚಿಂತೆಯಿಲ್ಲ, ಗಾಡಿ ಮಾಡಿಕೊಂಡು ಬಂದು ದವಾಖಾನೆಗೆ ಕರೆದೊಯ್ಯುತ್ತೇನೆ. ಒದೆಯುತ್ತಿದ್ದರೆ ರೋಷನಬಿಯವರಿಂದ ಕೈತುಂಬ ಹಸಿರು ಬಳೆ ಇಡಿಸಿಕೊ. ಅವರಿಗೆ ಏನೂ ಹೇಳುವುದು ಬೇಡ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಅವರು ಇಳಿದ ಕೂಡಲೇ, ಮೀನಾಕ್ಷಿಗೆ ಬಳೆ ಇಡಿಸಿದಿರಾ ಎಂದಷ್ಟೇ ಕೇಳುತ್ತೇನೆ.