ಅವ್ವ ತಂದ ಮಾತ್ರೆ

ಗಾಜಿಪುರ, ಕಲಬುರಗಿ
ಬುಧವಾರ, 11 ಡಿಸೆಂಬರ್ 2024

ಪ್ರೀತಿಯ ರಾಜೇಶ್ರೀ,

ಬೂಟು ಕಚ್ಚಿ ಹಿಮ್ಮಡಿ ಸುಲಿದಿದೆ ಎಂದಿದ್ದೆಯಲ್ಲ, ಈಗ ಹೇಗಿದೆ? ಪರೇಡಿಗೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜೊತೆ ಸಾಕ್ಸ್ ಹಾಕಿಕೋ. ಪೊಲೀಸ್ ತರಬೇತಿಗೆ ಹೋದವಳಿಗೆ ಗಣಿತದ ಮಾಸ್ತರ ಬೂಟಿನ ಪಾಠ ಹೇಳುತ್ತಾನೆಂದು ನಗಬೇಡ. ಭಾನುವಾರ ನಿಮ್ಮ ಕೈಗೆ ಫೋನು ಸಿಗುವ ಹೊತ್ತಿನಲ್ಲಿ ಇಲ್ಲಿ ಅವ್ವ ನನ್ನ ಪಕ್ಕದಲ್ಲೇ ಕೂತಿರುತ್ತಾಳೆ, ಅಲ್ಲಿ ನಿನ್ನ ಹಿಂದೆ ಸಾಲು ನಿಂತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ "ಆರಾಮ ಇದೀನಿ" ಅಂದದ್ದು ಪೂರ್ತಿ ನಿಜವಲ್ಲ.

ಚಳಿ ಶುರುವಾದಾಗಿನಿಂದ ಬೆನ್ನು ಮತ್ತೆ ಹಟ ಹಿಡಿದಿದೆ. ಬೆಳಿಗ್ಗೆ ಹಲಗೆಯ ಹಾಗೆ ಬಿದ್ದಿರುವವನು ಹತ್ತು ಗಂಟೆಯ ಹೊತ್ತಿಗೆ ಜೇವರ್ಗಿ ಕಾಲೋನಿಯ ಟ್ಯೂಷನ್ನಿನಲ್ಲಿ ಬೋರ್ಡಿನ ತುಂಬ ಲೆಕ್ಕ ಬರೆಯುತ್ತಿರುತ್ತೇನೆ. ನೋಡಿದವರು ಇದಕ್ಕೆ ಏನು ರೋಗ ಎನ್ನಬೇಕು? ಫರೀದಾ ಡಾಕ್ಟರು ನಿನ್ನೆದುರೇ ಹೇಳಿದ್ದರು: ಬೆನ್ನೆಲುಬಿನ ಕೀಲುಗಳಲ್ಲಿ ಉರಿಯೂತವಿದೆ, ಸುಮ್ಮನೆ ಮಲಗಿದಷ್ಟೂ ಬಿಗಿಯುತ್ತದೆ, ಆ ಉರಿಯೂತವನ್ನು ಇಳಿಸುವುದಕ್ಕೇ ಈ ಮಾತ್ರೆ. ಊಟವಾದ ಮೇಲೆ ತಗೋಬೇಕು, ಜೊತೆಗೆ ಹೊಟ್ಟೆ ಕಾಯುವ ಗುಳಿಗೆ ಬೇಕು, ಆಗಾಗ ರಕ್ತ ಪರೀಕ್ಷೆ ತಪ್ಪಬಾರದು. ಶುರು ಮಾಡಿದ ವಾರದೊಳಗೆ ನಾನು ಬಗ್ಗಿ ಲೇಸು ಕಟ್ಟಿಕೊಂಡಾಗ ನೀನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದ್ದೆ. ಹೊಟ್ಟೆ ಉರಿಯುತ್ತಿತ್ತು, ಅಷ್ಟು ಸಹಿಸಬಹುದಾಗಿತ್ತು.

ಅವ್ವನಿಗೆ ಮಾತ್ರ ಆ ಮಾತ್ರೆ ಕಂಡರೆ ಅಪ್ಪ ಕಂಡಂತೆ. ನೀನು ಸೊಸೆಯಾಗಿ ಬರುವ ಮೊದಲೇ ತೀರಿಹೋದವನು ಅಪ್ಪ. ಇಲ್ಲಿ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತೊಗರಿ ತೂಗುತ್ತ ನಿಂತು ನಿಂತೇ ಮೊಣಕಾಲು ಸವೆಸಿಕೊಂಡಿದ್ದ. ಆಗ ನಾವು ಕಮಲಾಪುರದಲ್ಲಿ, ಸೂಗಪ್ಪ ಮಾವನ ಮನೆಗೆ ಹತ್ತಿಕೊಂಡೇ ಇದ್ದೆವು. ಸಂಜೆ ಬಸ್ಸಿಳಿದು ಬಂದವನು ನೀರು ಕೇಳುವ ಮೊದಲು ಗುಳಿಗೆ ಕೇಳುತ್ತಿದ್ದ. ಊರಿನ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುತ್ತಿದ್ದವಳೂ ಅವ್ವ, ಅಂಗೈಯಲ್ಲಿ ಇಡುತ್ತಿದ್ದವಳೂ ಅವ್ವ. ಬಿಪಿ ಇತ್ತು, ವರ್ಷಗಟ್ಟಲೆ ಯಾರೂ ರಕ್ತ ನೋಡಲಿಲ್ಲ. ಕಾಲು ಬಾತುಕೊಂಡಾಗ ಎರಡೂ ಕಿಡ್ನಿ ಸೋತಿದ್ದವು.

ಹೋದ ಬುಧವಾರ ಮಾವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಇಬ್ಬರೂ ಕಮಲಾಪುರಕ್ಕೆ ಹೋದೆವು. ಚೀಲ ಕಟ್ಟಿದವಳು ಅವ್ವ. ರಾತ್ರಿ ಊಟವಾಗಿ ಹುಡುಕಿದರೆ ಮಾತ್ರೆ ಇಲ್ಲ. ಬಚ್ಚಲಿಗೆ ಸುರಿದು ಬಂದೆ ಎಂದಳು. "ನಿಮ್ಮಪ್ಪಗ ಇದೇ ಕೈಲೆ ಕೊಟ್ಟು ಕೊಟ್ಟು ಮಣ್ಣಿಗಿ ಇಟ್ಟು ಬಂದೀನಿ. ನಿನಗ ಕೊಡಂಗಿಲ್ಲ." ಅಂಗಡಿಗೆ ನಾನೇ ಹೋಗಬಹುದಿತ್ತು ಎನ್ನುತ್ತೀ. ಅವಳ ಮುಖ ನೋಡಿದ ಮೇಲೆ ಕಾಲು ಬರಲಿಲ್ಲ. ಎಣ್ಣೆ ತಿಕ್ಕುವವನೊಬ್ಬನನ್ನು ಗೊತ್ತು ಮಾಡಿದ್ದಳು, ಅವನ ಕೈಗುಣಕ್ಕಾಗಿ ನನ್ನನ್ನು ಅಲ್ಲೇ ಉಳಿಸಿಕೊಂಡಳು. ಟ್ಯೂಷನ್ ಮಕ್ಕಳಿಗೆ ಜ್ವರವೆಂದು ಸುಳ್ಳು ಹೇಳಿದೆ. ದಿನದಿಂದ ದಿನಕ್ಕೆ ಬೆನ್ನು ಮುಚ್ಚುತ್ತ ಬಂತು.

ಶನಿವಾರ ಬೆಳಿಗ್ಗೆ ಸ್ನಾನಕ್ಕೆಂದು ಗಿಡ್ಡ ಕಲ್ಲಿನ ಮೇಲೆ ಕೂತವನಿಗೆ ಏಳಲಾಗಲಿಲ್ಲ. ಬಾಗಿಲ ಮೇಲ್ತುದಿಯ ಚಿಲಕ ಒಳಗಿನಿಂದ ಹಾಕಿದ್ದೆ. ಬಿಸಿನೀರು ತಣ್ಣಗಾಯಿತು, ಮೈ ನಡುಗತೊಡಗಿತು. ನಾಚಿಕೆಯಿಂದ ಬಹಳ ಹೊತ್ತು ಯಾರನ್ನೂ ಕರೆಯಲಿಲ್ಲ. ಕೊನೆಗೆ ಅವ್ವನನ್ನೇ ಕರೆದೆ. ಬಾಗಿಲ ಆಚೆ ನಿಂತು ಕೈ ಎತ್ತು ಮಗನೇ, ಚಿಲಕ ತೆಗಿ ಎಂದಳು. ಕೈ ಏಳುತ್ತದೆ, ನಾನು ಏಳಲಾರೆ ಎಂದೆ. ಬಾಗಿಲಿಗೆ ಬಾಯಿ ಹಚ್ಚಿದಂತೆ ಹತ್ತಿರದಿಂದ ಅವಳ ದನಿ ಬಂತು: "ಆ ಗುಳಿಗಿ ಹೆಸರು ಏನು?"

ಒಂದೊಂದೇ ಅಕ್ಷರ ಹೇಳಿದೆ. ತಪ್ಪಾದಲ್ಲಿ ತಿರುಗಿ ಕೇಳಿಕೊಂಡಳು. ಮಾವ ತಗಡಿನ ಬಾಗಿಲಿನ ತಿರುಗಣಿ ಬಿಚ್ಚಿ, ಟವೆಲು ಸುತ್ತಿ, ನನ್ನನ್ನು ಎತ್ತಿ ತಂದು ಹೊರಸಿನ ಮೇಲೆ ಹಾಕುವಷ್ಟರಲ್ಲಿ ಅವ್ವ ಬರಿಗಾಲಲ್ಲಿ ಹೋಗಿ ಬಂದಿದ್ದಳು. ಅಪ್ಪನಿಗೆ ತರುತ್ತಿದ್ದ ಅದೇ ಅಂಗಡಿ, ರಾಜೀ. ಮೊದಲು ಬಾಳೆಹಣ್ಣು ತಿನ್ನಿಸಿದಳು, ರೊಟ್ಟಿ ತಿನ್ನಿಸಿದಳು. ಮಾತ್ರೆ ಅಂಗೈಗೆ ಹಾಕಿ ಮುಖ ಆಚೆ ತಿರುಗಿಸಿದಳು. ಸಂಜೆಗೆ ನಾನು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಅವಳಿಗೆ ಖುಷಿಯಾಗುತ್ತದೆಂದು ಒಂದು ಸುತ್ತು ಹೆಚ್ಚೇ ಹಾಕಿದೆ. "ನಿಮ್ಮಪ್ಪನೂ ಹಿಂಗೇ ಎದ್ದು ಅಡ್ಡಾಡತಿದ್ದ" ಎಂದು ಒಳಗೆ ಹೋಗಿಬಿಟ್ಟಳು.

ಸೋಮವಾರ ಫರೀದಾ ಡಾಕ್ಟರ ಹತ್ತಿರ ತಾನೂ ಬಂದಳು. ಅಪ್ಪನದು ಸವೆದ ಮಂಡಿ, ತಪಾಸಣೆಯಿಲ್ಲದೆ ನುಂಗಿದ್ದು. ಇವನ ರೋಗ ಬೇರೆ, ನಾವು ಕಣ್ಣಿಟ್ಟು ಕಾಯುತ್ತಿದ್ದೇವೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಅವ್ವ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. "ರೋಗ ಬ್ಯಾರೆ ಇರಬಹುದರೀ, ಕಿಡ್ನಿ ಅವೇ ಅಲ್ರೀ?" ಡಾಕ್ಟರು ಹೌದೆಂದರು, ಅದಕ್ಕೇ ರಕ್ತ ನೋಡುವುದು ಎಂದರು. ನಿನ್ನೆ ರಿಪೋರ್ಟು ಬಂತು. ಕಿಡ್ನಿಯ ಅಂಕಿ ಮೊದಲಿಗಿಂತ ಏರಿ ಮಿತಿಯ ಗೆರೆಯ ಹತ್ತಿರ ನಿಂತಿದೆ. ಗಾಬರಿ ಬೇಡ ಎಂದು ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ, ಹದಿನೈದು ದಿನಕ್ಕೆ ಮತ್ತೆ ನೋಡುತ್ತಾರೆ. ಒಗ್ಗದಿದ್ದರೆ ಬೇರೆ ಇಂಜೆಕ್ಷನ್ ಇದೆಯಂತೆ, ಅದಕ್ಕೂ ಅದರದೇ ಪರೀಕ್ಷೆಗಳು. ಅರ್ಧಕ್ಕೆ ಬೆನ್ನು ಅರ್ಧವೇ ಬಿಡುತ್ತದೆ. ಬಿಟ್ಟರೆ ಬೆನ್ನು, ನುಂಗಿದರೆ ಕಿಡ್ನಿ. ನಡುವಿನ ಸಂದಿಯಲ್ಲಿ ನಾನು. ಈಗ ರಾತ್ರಿ ಮಾತ್ರೆ ಕೊಡುವವಳು ಅವ್ವನೇ. ಬೆಳಿಗ್ಗೆ ನನ್ನ ಪಾದದ ಮೇಲೆ ಹೆಬ್ಬೆರಳು ಒತ್ತಿ, ಅಪ್ಪನ ಹಾಗೆ ಬಾತು ಕುಳಿ ಬೀಳುತ್ತದೆಯೋ ಎಂದು ನೋಡುತ್ತಾಳೆ. ನಾನು ನಿದ್ದೆ ಬಂದವನಂತೆ ಇರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೋಣೆಯ ಗೆಳತಿಯರನ್ನು ಕೇಳಿದ್ದೇನೆಂದು ಹೇಳು. ಶರಣಬಸಪ್ಪ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ
ರೇವಣ

ತಾ.ಕ.: ಕಾಗದ ಮಡಚುವಾಗ ಅವ್ವ ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬರುವ ಭಾನುವಾರ ನಿನ್ನ ಅಣ್ಣ ಅರುಣಕುಮಾರ ಅಲ್ಲಿಗೆ ಬರುತ್ತಾನೆ, ತರಬೇತಿ ಬಿಡಿಸಿ ನಿನ್ನನ್ನು ಕರೆತರಲು. ನಾನು ಹಾಸಿಗೆ ಹಿಡಿದಿದ್ದೇನೆ ಎಂದು ನಿನಗೆ ಹೇಳುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ, ಅವ್ವನ ಮೇಲೂ ಬೇಡ. ಈ ಸಲ ಒಬ್ಬಳೇ ಹೊರಲಾರೆ ಎಂದು ಕರೆಸುತ್ತಿದ್ದಾಳೆ. ಆದರೆ ನೀನು ಬರಬೇಡ. ಇಲ್ಲಿ ಇಬ್ಬರು ಸಿಕ್ಕಿಬಿದ್ದಿದ್ದೇವೆ, ಅಷ್ಟು ಸಾಕು. ಎಲ್ಲ ಮುಗಿಸಿ ಖಾಕಿ ತೊಟ್ಟು ಬರುವ ದಿನ ಬೆಳಗಿನ ಗಾಡಿ ಹಿಡಿಯದೆ ಮಧ್ಯಾಹ್ನದ್ದಕ್ಕೆ ಬಾ. ಅಷ್ಟು ಹೊತ್ತಿಗೆ ಬೆನ್ನು ಬಿಟ್ಟಿರುತ್ತದೆ, ಸ್ಟೇಷನ್ನಿಗೆ ನಾನೇ ಬರುತ್ತೇನೆ.